ಇಪ್ಪತ್ತೇಳನೆಯ ಮೆಟ್ಟಿಲು

ಹಾಜಿ ಹಜ್ ಯಾತ್ರೆ ಮಾಡಿದವನಲ್ಲ. ಲಾಂಡ್ರಿಯಲ್ಲಿ ಆಸ್ಪತ್ರೆಯ ಬೆಡ್‌ಶೀಟುಗಳು ಗುಡ್ಡೆ ಬಿದ್ದಿದ್ದರೂ ನಮಾಜಿನ ಹೊತ್ತಾಯಿತೆಂದರೆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಯಾರ ಮುಖವನ್ನೂ ನೋಡದೆ ಎದ್ದು ಹೋಗುತ್ತಿದ್ದ. ಅದನ್ನು ಕಂಡು ಯಾರೋ ತಮಾಷೆಗೆ ಹಾಗೆಂದು ಕರೆದರು, ಅದೇ ನಿಂತಿತು. ಮೊದಮೊದಲು ಅವನು, "ನಾನು ಹಾಜಿ ಅಲ್ಲ ಕಣ್ರಪ್ಪಾ, ಇಲ್ಲದ ಪದವಿ ಕೊಟ್ಟು ನನ್ನ ತಲೆಗೆ ಪಾಪ ಕಟ್ಟಬೇಡಿ" ಎಂದು ಬೇಡಿಕೊಂಡ. ಬೇಡಿಕೊಂಡಷ್ಟೂ ಹೆಸರು ಗಟ್ಟಿಯಾಯಿತು. ಈಗ ಯಾರಾದರೂ ಅಪ್ಪ ಅಮ್ಮ ಇಟ್ಟ ಹೆಸರು ಹಿಡಿದು ಕರೆದರೆ ಅವನು ತಿರುಗಿಯೂ ನೋಡುತ್ತಿರಲಿಲ್ಲ.

ಅಂಥ ಹಾಜಿಗೆ ಇಪ್ಪತ್ತು ದಿನದಿಂದ ಬೆಳಗಿನ ನಮಾಜು ಮುಗಿಸಲಾಗುತ್ತಿರಲಿಲ್ಲ.

ದಿನದ ಐದು ಹೊತ್ತಿನಲ್ಲಿ ಬೆಳಗಿನದೇ ಚಿಕ್ಕದು. ಕಡ್ಡಾಯವಾದದ್ದು ಎರಡೇ ರಕಾತ್. ನಿಂತು ಓದಬೇಕು, ಬಾಗಬೇಕು, ಹಣೆಯನ್ನು ನೆಲಕ್ಕಿಡಬೇಕು, ಎದ್ದು ಇನ್ನೊಂದು ಸಲ ಅಷ್ಟನ್ನೇ ಮಾಡಬೇಕು. ಏಳು ವರ್ಷದ ಮಗುವೂ ತಪ್ಪದ ಲೆಕ್ಕ. ಹಾಜಿ ತಪ್ಪುತ್ತಿದ್ದ. ಮೊದಲ ಸಲ ಹಣೆಯನ್ನು ಚಾಪೆಗೆ ಇಡುತ್ತಿದ್ದ ಹಾಗೆಯೇ ಎಡಗಡೆಯಿಂದ, ಖಾಲಿ ಮಂಚದ ಮೇಲಿನಿಂದ, ಆ ದನಿ ಕೇಳುತ್ತಿತ್ತು. ತಗ್ಗಿದ, ಸ್ವಲ್ಪ ಮೂಗಿನಲ್ಲಿ ಬರುವ, ಹಳೆಯ ವ್ಯಾನಿನ ಎಂಜಿನ್ನಿನಂತೆ ಒಂದೇ ಸಮನೆ ಓಡುವ ದನಿ. ಅದು ಸರ್ದಾರನ ದನಿ. ಸರ್ದಾರ ಸತ್ತು ಇಪ್ಪತ್ತಮೂರು ದಿನವಾಗಿತ್ತು.

ಸರ್ದಾರ ಲಾಂಡ್ರಿಯ ವ್ಯಾನ್ ಡ್ರೈವರ್. ಸಿಖ್ಖ, ತಲೆಗೆ ಪೇಟ, ಕೈಗೆ ಕಬ್ಬಿಣದ ಕಡಗ, ಎದೆಯ ತನಕ ಗಡ್ಡ. ಕೊಳೆ ಬಟ್ಟೆಯ ಮೂಟೆಗಳನ್ನು ತಂದು ಹಾಕುವುದು, ಒಗೆದು ಮಡಿಸಿದ್ದನ್ನು ಒಯ್ದು ಕೊಡುವುದು ಅವನ ಕೆಲಸ. ಮಾಲೀಕ ಇಬ್ಬರಿಗೂ ಸೇರಿಸಿ ಮಹಡಿಯ ಮೇಲೆ ಒಂದು ಕೋಣೆ ಕೊಟ್ಟಿದ್ದ. ಎರಡು ಕಬ್ಬಿಣದ ಮಂಚ, ನಡುವೆ ಒಂದು ಚಾಪೆ ಹಾಸುವಷ್ಟು ಜಾಗ, ಅಂಗಳದ ಕಡೆಗೆ ಒಂದು ಕಿಟಕಿ. ದೇವರನ್ನು ನೆನೆಯುವವರಿಬ್ಬರನ್ನೂ ಒಂದೇ ಕಡೆ ಹಾಕಿದರೆ ಗಲಾಟೆಯಿರುವುದಿಲ್ಲ ಎನ್ನುವುದು ಮಾಲೀಕನ ಎಣಿಕೆ. ಅವನಿಗೆ ದೇವರ ವಿಚಾರ ಎಷ್ಟು ಗೊತ್ತಿತ್ತು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮೊದಲ ವಾರವೇ ಜಗಳ. ಸರ್ದಾರ ತನ್ನ ಪ್ರಾರ್ಥನೆಯ ಪುಸ್ತಕವನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಕೋಣೆಯಲ್ಲಿ ತೇವವಿಲ್ಲದ ಗೋಡೆ ಯಾವುದೆಂದು ಮುಟ್ಟಿ ಮುಟ್ಟಿ ನೋಡಿ, ಅಲ್ಲಿ ಹಲಗೆ ಹೊಡೆದು ಇಟ್ಟ. ಅದು ಹಾಜಿ ನಮಾಜಿಗೆ ಮುಖ ಮಾಡುವ ಗೋಡೆ.

"ತೆಗೆಯಪ್ಪಾ ಅದನ್ನ. ನಾನು ನಿನ್ನ ಪುಸ್ತಕಕ್ಕೆ ಸಾಷ್ಟಾಂಗ ಬಿದ್ದ ಹಾಗಾಗುತ್ತೆ" ಎಂದ ಹಾಜಿ.

"ಬಿದ್ರೆ ಏನು ಗಂಟು ಹೋಗುತ್ತೆ? ನಾನು ದಿನಾ ಬೀಳಲ್ವಾ?"

"ನಾವು ಅವನೊಬ್ಬನ ಮುಂದೆ ಮಾತ್ರ ಹಣೆ ಇಡೋದು. ಪುಸ್ತಕಕ್ಕಲ್ಲ, ಮನುಷ್ಯರಿಗಲ್ಲ."

"ನಾವೂ ಕಾಗದಕ್ಕೆ ಬಾಗಲ್ಲ ಹಾಜಿ ಸಾಬ್. ಅದರೊಳಗಿರೋ ಮಾತಿಗೆ ಬಾಗೋದು. ಆ ಮಾತೇ ನಮಗೆ ಗುರು. ಅದಿರಲಿ, ನಿಮ್ಮ ದೇವರು ಆ ಗೋಡೆ ಕಡೆ ಮಾತ್ರ ಇರ್ತಾನಾ? ಈ ಗೋಡೆಗೆ ಬರೋದೇ ಇಲ್ವಾ?"

"ಅಲ್ಲಿದಾನೆ ಅಂತ ಅಲ್ಲ. ಎಲ್ಲರೂ ಒಂದೇ ಕಡೆ ನಿಲ್ಲಲಿ ಅಂತ."

ಇಬ್ಬರಿಗೂ ಇನ್ನೊಬ್ಬನ ಉತ್ತರ ಒಪ್ಪಿಗೆಯಾಗಲಿಲ್ಲ. ಎರಡು ದಿನ ಮುಖ ಇಷ್ಟು ದಪ್ಪ ಮಾಡಿಕೊಂಡು ಓಡಾಡಿದರು. ಮೂರನೆಯ ದಿನ ಸರ್ದಾರ ಹಲಗೆಯನ್ನು ಕಿತ್ತು ಎಡಗಡೆಯ ಗೋಡೆಗೆ ಹೊಡೆದ. ಆ ಗೋಡೆ ತೇವ ಹಿಡಿಯುತ್ತದೆಂದು ಹಾಜಿ ತಾನೇ ಹೋಗಿ ತಗಡು ತಂದು ಹಿಂದೆ ಬಡಿದುಕೊಟ್ಟ. ಬಡಿಯುವಾಗ ಪುಸ್ತಕಕ್ಕೆ ಕೈ ತಾಗದಂತೆ ನೋಡಿಕೊಂಡ. ಅದು ಗೌರವವೋ ಹಿಂಜರಿಕೆಯೋ ಅವನಿಗೇ ತಿಳಿಯದು.

ಊಟದ್ದು ಇನ್ನೊಂದು ಕಥೆ. ಹಲಾಲ್ ಆಗದ ಮಾಂಸ ಹಾಜಿಯ ಗಂಟಲಿನಲ್ಲಿ ಇಳಿಯದು. ಸರ್ದಾರನಿಗೆ ಹಲಾಲ್ ಮಾಡಿದ ಮಾಂಸವೇ ನಿಷಿದ್ಧ. ಇದ್ದದ್ದು ಒಂದೇ ಒಲೆ, ಒಂದೇ ಪಾತ್ರೆ. ಹೀಗಾಗಿ ಮೂಳೆ ಚೀಪುವುದರಲ್ಲಿ ಹೆಸರು ಮಾಡಿದ ಇಬ್ಬರು ಗಂಡಸರು ಹನ್ನೊಂದು ವರ್ಷ ಬೇಳೆ, ಸೊಪ್ಪು ತಿಂದುಕೊಂಡು ಬದುಕಿದರು. "ನಮ್ಮನ್ನ ಕುರಿ ಮಾಡಿದ್ದು ಧರ್ಮ" ಎಂದು ಸರ್ದಾರ ಲಾಂಡ್ರಿಯಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದ.

ಆದರೆ ಬೆಳಗಿನ ಹೊತ್ತನ್ನು ಹೀಗೆ ಹಂಚಿಕೊಳ್ಳಲು ಬರುತ್ತಿರಲಿಲ್ಲ. ಬೆಳಕು ಹರಿಯುವ ಮೊದಲಿನ ಅದೇ ಗಳಿಗೆ ಇಬ್ಬರಿಗೂ ಬೇಕು. ಸರ್ದಾರ ತಣ್ಣೀರಿನ ಸ್ನಾನ ಮಾಡಿ, ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಣ್ಣು ಮುಚ್ಚಿ ಬೆಳಗಿನ ಪಾಠ ಹೇಳುತ್ತಿದ್ದ. ಮೂವತ್ತೆಂಟು ಪದ್ಯ. ಒಂದೊಂದನ್ನೂ ಅವರ ಕಡೆ ಮೆಟ್ಟಿಲು ಎನ್ನುತ್ತಾರೆ. ಮನಸ್ಸಿನಲ್ಲೇ ಹೇಳಿಕೊಳ್ಳಬಾರದೇ ಎಂದು ಹಾಜಿ ಕೇಳಿದ್ದಕ್ಕೆ, "ಬಾಯಿ ಹೇಳಬೇಕು, ಕಿವಿ ಕೇಳಬೇಕು. ಕೇಳೋದೂ ಅರ್ಧ ಪ್ರಾರ್ಥನೆ" ಎಂದಿದ್ದ. ಹಾಜಿಯದು ತುಟಿಯಷ್ಟೇ ಅಲುಗುವ ಓದು. ನಮಾಜು ಮಾಡುವವನ ಎದುರಿಗೆ ಯಾರೂ ಹಾದುಹೋಗಬಾರದು ಎಂದು ಒಮ್ಮೆ ಹೇಳಿದ್ದಕ್ಕೆ, ಸ್ನಾನ ತಡವಾದ ದಿನ ಸರ್ದಾರ ಸೊಂಟದ ತನಕ ಇಳಿಬಿದ್ದ ಒದ್ದೆ ಕೂದಲಿನಲ್ಲಿ, ಹಲ್ಲು ಕಟಕಟ ಎನ್ನಿಸುತ್ತ, ಹಾಜಿ ಮುಗಿಸುವ ತನಕ ಬಾಗಿಲಲ್ಲೇ ನಿಂತಿರುತ್ತಿದ್ದ.

ಹನ್ನೊಂದು ವರ್ಷ ಕೇಳಿ ಕೇಳಿ ಹಾಜಿಗೆ ಆ ಮೂವತ್ತೆಂಟೂ ಬಾಯಿಪಾಠವಾಗಿದ್ದವು. ಅರ್ಥ ಒಂದಕ್ಷರ ಗೊತ್ತಿರಲಿಲ್ಲ. ಯಾವ ಮೆಟ್ಟಿಲಲ್ಲಿ ದನಿ ಏರುತ್ತದೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ ಎಲ್ಲವೂ ಗೊತ್ತಿತ್ತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಎಲ್ಲವೂ ಹೇಗೋ ನಡೆದುಕೊಂಡು ಹೋಗುತ್ತಿತ್ತು, ಹಾಜಿಯ ತಾಯಿ ತೀರಿಕೊಳ್ಳುವವರೆಗೆ. ಸುದ್ದಿ ತಲುಪಿ, ರಜೆ ಕೇಳಿ, ಬಸ್ಸು ಹಿಡಿದು ಹೋಗುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಮುಖ ಸಿಗಲಿಲ್ಲ, ಹಿಡಿ ಮಣ್ಣು ಹಾಕುವುದೂ ಸಿಗಲಿಲ್ಲ. ಇನ್ನು ಅವಳಿಗೆಂದು ಮಾಡಲು ಉಳಿದದ್ದು ನಮಾಜಿನ ಕೊನೆಗೆ ಕೈಯೆತ್ತಿ ಬೇಡುವುದೊಂದೇ. ಅದಕ್ಕೆ ನಮಾಜು ನೆಟ್ಟಗಿರಬೇಕು. ಮರಳಿ ಬಂದ ಆ ವಾರ ಮೂರು ಬೆಳಿಗ್ಗೆ ಸರ್ದಾರನ ಪಾಠ ಕಿವಿಯೊಳಗೆ ಹೊಕ್ಕು ಹಾಜಿಗೆ ಒಂದನೆಯ ರಕಾತೋ ಎರಡನೆಯದೋ ಮರೆತುಹೋಯಿತು. ನಾಲ್ಕನೆಯ ಬೆಳಿಗ್ಗೆ ಮತ್ತೆ ಮರೆತಾಗ ಅವನು ಚಾಪೆಯ ಮೇಲೆಯೇ ತಿರುಗಿ ಕೂತು ನಾಲಿಗೆ ಹರಿಬಿಟ್ಟ.

"ನಿಲ್ಸೋ ನಿನ್ನ ಗೊಣಗಾಟ! ಸತ್ತ ತಾಯಿಗೆ ಅಂತ ಎರಡು ರಕಾತ್ ನೆಟ್ಟಗೆ ಮಾಡೋಕೆ ಬಿಡಲ್ಲ ನೀನು. ಹೊರಗೆ ಹೋಗಿ ಎಲ್ಲಾದ್ರೂ ಒದರಿಕೋ ಹೋಗು."

ಸರ್ದಾರ ಅರ್ಧ ಮೆಟ್ಟಿಲಲ್ಲಿ ಬಾಯಿ ಮುಚ್ಚಿದ. ಮಾರನೆಯ ಬೆಳಿಗ್ಗೆ ಶಾಲು ಹೊದ್ದು ಅಂಗಳಕ್ಕೆ ಇಳಿದುಹೋಗಿ ಬಾವಿಕಟ್ಟೆಯ ಮೇಲೆ ಕೂತ. ಆದರೆ ಬೆಳಗಿನ ಗಾಳಿಯಲ್ಲಿ ದನಿ ನೇರವಾಗಿ ಮಹಡಿಗೇ ಬಂತು. ಹಾಜಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಇಲ್ಲಿಗೂ ಕೇಳುತ್ತೆ!" ಎಂದು ಕೂಗಿದ.

ಅದರ ಮಾರನೆಯ ಬೆಳಿಗ್ಗೆ ಪಿಸುಮಾತೂ ಕೇಳಲಿಲ್ಲ. ಹಾಜಿಯ ಎರಡು ರಕಾತ್ ನೀರು ಹರಿದ ಹಾಗೆ ಮುಗಿದವು. ಕೈಯೆತ್ತಿ ತಾಯಿಗಾಗಿ ಹೊಟ್ಟೆ ತುಂಬ ಬೇಡಿಕೊಂಡ, ಅತ್ತ, ಹಗುರಾದ. ಅಬ್ಬಾ, ಕೊನೆಗೂ ನೆಮ್ಮದಿ ಎಂದುಕೊಂಡ. ಇಷ್ಟು ವರ್ಷದಲ್ಲಿ ಅಂಥ ನಮಾಜು ಅವನಿಗೆ ಒದಗಿರಲಿಲ್ಲ.

ಅದೇ ಹೊತ್ತಿಗೆ ಕೆಳಗೆ ಬಾಯ್ಲರ್ ರೂಮಿನಲ್ಲಿ ಸರ್ದಾರ ಸಾಯುತ್ತಿದ್ದ. ಬಾಯ್ಲರ್‌ನವನು ಒಲೆಗೆ ಬೆಂಕಿ ಕೊಟ್ಟು ಟೀ ಕುಡಿಯಲು ಹೋಗಿದ್ದ. ಹೊಗೆಕೊಳವೆಯ ಕೀಲು ತುಕ್ಕು ಹಿಡಿದು ಬಿಟ್ಟುಕೊಂಡಿತ್ತು. ವಾಸನೆಯಿಲ್ಲದ ವಿಷಗಾಳಿ, ಕೂತವನಿಗೆ ನಿದ್ದೆ ಬಂದ ಹಾಗಾಗುತ್ತದೆ ಅಷ್ಟೇ ಎಂದರು ಡಾಕ್ಟರು. ಬಾಗಿಲು ತೆರೆದಿದ್ದರೆ ಏನೂ ಆಗುತ್ತಿರಲಿಲ್ಲವಂತೆ. ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಸರ್ದಾರ ಗೋಡೆಗೆ ಒರಗಿ, ಚಕ್ಕಳಮಕ್ಕಳ ಹಾಕಿಕೊಂಡೇ ಇದ್ದ.

"ಚಳಿಗೆ ಬೆಚ್ಚಗಿರಲಿ ಅಂತ ಹಾಕ್ಕೊಂಡಿರ್ತಾನೆ ಪಾಪ" ಎಂದರು ಎಲ್ಲರೂ. ದನಿ ಹೊರಗೆ ಹೋಗದಿರಲಿ ಎಂದು ಹಾಕಿಕೊಂಡಿದ್ದ ಎನ್ನುವುದು ಲೋಕದಲ್ಲಿ ಹಾಜಿಯೊಬ್ಬನಿಗೇ ಗೊತ್ತಿತ್ತು. ಸರ್ದಾರನ ತಮ್ಮ ಬಂದು ಅದೇ ದಿನ ಹೆಣವನ್ನು ಊರಿಗೆ ಒಯ್ದ. ಪೆಟ್ಟಿಗೆ, ಪುಸ್ತಕ, ಎರಡು ಜೊತೆ ಬಟ್ಟೆ ಕೋಣೆಯಲ್ಲೇ ಉಳಿದವು.

ಮೂರನೆಯ ಬೆಳಿಗ್ಗೆಯಿಂದ ದನಿ ಶುರುವಾಯಿತು.

ಹೆದರಿ ಓಡುವಂಥದ್ದೇನೂ ಅದರಲ್ಲಿರಲಿಲ್ಲ. ಮಂಚ ಅಲುಗಲಿಲ್ಲ, ನೆರಳು ಸುಳಿಯಲಿಲ್ಲ. ಅದೇ ಪಾಠ, ಅದೇ ರಾಗ. ಹಾಜಿ ಎಷ್ಟು ಬೇಗ ಎದ್ದರೂ, ಎಷ್ಟು ತಡವಾಗಿ ನಿಂತರೂ, ಅವನ ಹಣೆ ನೆಲಕ್ಕೆ ತಾಗುವ ಹೊತ್ತಿಗೆ ದನಿ ಇಪ್ಪತ್ತೈದನೆಯ ಮೆಟ್ಟಿಲಲ್ಲಿರುತ್ತಿತ್ತು. ಇಪ್ಪತ್ತಾರು ಮುಗಿಯುತ್ತಿತ್ತು. ಇಪ್ಪತ್ತೇಳು ಎಲ್ಲಕ್ಕಿಂತ ಉದ್ದನೆಯದು, ಸರ್ದಾರ ಅದರಲ್ಲಿ ಮೂರು ಸಲ ಉಸಿರು ತೆಗೆದುಕೊಳ್ಳುತ್ತಿದ್ದ. ಎರಡನೆಯ ಉಸಿರು ಎಳೆದುಕೊಂಡ ಸದ್ದು ಕೇಳುತ್ತಿತ್ತು, ಆಮೇಲೆ ಏನೂ ಇಲ್ಲ. ಅಲ್ಲಿಗೇ ಕತ್ತರಿಸಿದ ಹಾಗೆ ನಿಂತುಬಿಡುತ್ತಿತ್ತು. ಹಾಜಿಯ ಕಿವಿ ಮುಂದಿನ ಮಾತಿಗೆ ಕಾಯುತ್ತ ಕೂರುತ್ತಿತ್ತು, ರಕಾತ್‌ನ ಲೆಕ್ಕ ಎಲ್ಲೋ ಹೋಗುತ್ತಿತ್ತು. ಮತ್ತೆ ಮೊದಲಿನಿಂದ. ಮತ್ತೆ ತಪ್ಪು. ಒಂದು ದಿನ ಐದು ಸಲ ಮಾಡಿ, ಐದು ಸಲವೂ ತಪ್ಪಿ, ಸೂರ್ಯ ಹುಟ್ಟಿಯೇಬಿಟ್ಟ.

ಮಸೀದಿ ಲಾಂಡ್ರಿಯಿಂದ ಬಹಳ ದೂರ. ಶುಕ್ರವಾರಕ್ಕೆ ಮಾತ್ರ ಹೋಗುತ್ತಿದ್ದ ಹಾಜಿ ಒಂದು ಸಂಜೆ ಹೋಗಿ ಮೌಲ್ವಿಯನ್ನು ಕಂಡ. ನಮಾಜಿನಲ್ಲಿ ಮರೆವಾಗುತ್ತಿದೆ ಎಂದಷ್ಟೇ ಹೇಳಿದ.

"ಅನುಮಾನ ಬಂದ್ರೆ ಕಡಿಮೆ ಲೆಕ್ಕ ಹಿಡೀರಿ, ಮುಂದುವರಿಸಿ, ಕೊನೆಗೆ ಎರಡು ಸಲ ಹೆಚ್ಚಿಗೆ ಹಣೆ ಇಡಿ. ಮರೆವಿಗೆ ಪರಿಹಾರ ಇದೆ" ಎಂದರು ಮೌಲ್ವಿ. "ಒಬ್ಬರೇ ಇದ್ರೆ ಮನಸ್ಸು ಹರಿದಾಡುತ್ತೆ. ಬೆಳಿಗ್ಗೆ ಇಲ್ಲಿಗೇ ಬನ್ನಿ. ಎಲ್ಲರ ಜೊತೆ ನಿಂತರೆ ಲೆಕ್ಕ ನಮ್ಮದು, ನಿಮಗ್ಯಾಕೆ ಚಿಂತೆ?"

ಹಾಜಿ ಮಾರನೆಯ ದಿನ ಕತ್ತಲಲ್ಲೇ ಎದ್ದು ಅಷ್ಟು ದೂರ ನಡೆದು ಹೋದ. ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತ. ಮೌಲ್ವಿಯ ಓದು ಗಟ್ಟಿಯಾಗಿ ಕೇಳುತ್ತಿತ್ತು, ಅದರ ಅಡಿಯಲ್ಲಿ, ಸಾಲಿನ ಎಡತುದಿಯಿಂದ, ಇನ್ನೊಂದು ಓದು ಬಂತು. ಎಲ್ಲರೂ ಬಾಗಿದರು, ಹಾಜಿ ನಿಂತೇ ಇದ್ದ. ಎಲ್ಲರೂ ಹಣೆ ಇಟ್ಟರು, ಅವನು ಇಪ್ಪತ್ತೇಳನೆಯ ಮೆಟ್ಟಿಲ ಮೂರನೆಯ ಉಸಿರಿಗೆ ಕಾಯುತ್ತ ಮರದ ಕಂಬದಂತೆ ನಿಂತಿದ್ದ. ಪಕ್ಕದವನು ಪ್ಯಾಂಟಿನ ಕಾಲು ಹಿಡಿದು ಎಳೆದ. ಮುಗಿದ ಮೇಲೆ ಜನ ತನ್ನನ್ನೇ ನೋಡುತ್ತಿದ್ದಾರೆಂದು ಹಾಜಿ ಚಪ್ಪಲಿ ಕೈಯಲ್ಲಿ ಹಿಡಿದು ಹೊರಟುಬಿಟ್ಟ.

ಮೌಲ್ವಿಯನ್ನು ಅವನು ಕೇಳಬೇಕೆಂದಿದ್ದ ಪ್ರಶ್ನೆ ಬೇರೆಯೇ ಇತ್ತು. ದನಿ ನಿಲ್ಲುವ ಜಾಗದಿಂದ ಮುಂದೆ ಏನೆಂದು ಅವನಿಗೆ ಗೊತ್ತು. ಉಳಿದ ಅರ್ಧ ಮೆಟ್ಟಿಲು, ಅದರ ಮೇಲಿನ ಹನ್ನೊಂದು, ಕೊನೆಯ ಸಣ್ಣ ಮುಕ್ತಾಯ, ಎಲ್ಲವೂ ನಾಲಿಗೆಯ ತುದಿಯಲ್ಲೇ ಇತ್ತು. ಅರ್ಧಕ್ಕೆ ನಿಂತವನ ಪಾಠವನ್ನು ತಾನು ಮುಗಿಸಿಕೊಡಬಹುದೇ? ಪ್ರತಿ ಬೆಳಿಗ್ಗೆ ಬಾಯಿ ತೆರೆಯುತ್ತಿತ್ತು, ಅವನು ಹಲ್ಲು ಕಚ್ಚಿ ಮುಚ್ಚುತ್ತಿದ್ದ. ಬೇರೆಯವರ ಪ್ರಾರ್ಥನೆ. ಅರ್ಥ ಗೊತ್ತಿಲ್ಲದ ಮಾತು. ಅದರಲ್ಲಿ ಏನಿದೆಯೋ, ಯಾರಿಗೆ ಬಾಗಿದ ಹಾಗಾಗುತ್ತದೋ. ನಾಳೆ ದೇವರ ಮುಂದೆ ನಿಂತಾಗ ಇದೇ ಬಾಯಿ ಸಾಕ್ಷಿ ಹೇಳಿದರೆ? ಹಾಜಿಗೆ ಸರ್ದಾರನ ಭಯವಿರಲಿಲ್ಲ, ದೇವರ ಭಯವಿತ್ತು.

ಇಪ್ಪತ್ತಮೂರನೆಯ ದಿನ ಮಧ್ಯಾಹ್ನ ಸರ್ದಾರನ ಮಗಳು ಸಾಮಾನು ತೆಗೆದುಕೊಂಡು ಹೋಗಲು ಬಂದಳು. ಇಪ್ಪತ್ತನಾಲ್ಕರ ಹುಡುಗಿ, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಅವಳು ಫೋನಿನಲ್ಲಿ ಚಿಕ್ಕಪ್ಪ ಎಂದು ಕರೆಯುವುದನ್ನು ಕೇಳಿದ್ದನೇ ಹೊರತು ಹಾಜಿ ಅವಳನ್ನು ಕಂಡಿರಲಿಲ್ಲ. ಹುಬ್ಬು ಮಾತ್ರ ಅಚ್ಚು ಅಪ್ಪನದೇ. ಅವಳು ಮಂಚದ ಮೇಲೆ ಕೂತು, ಹಾಸಿಗೆಯನ್ನು ಅಂಗೈಯಿಂದ ಸವರಿದಳು. ಹಾಜಿ ಟೀ ತಂದುಕೊಟ್ಟ.

"ಚಿಕ್ಕಪ್ಪ, ಒಂದು ಮಾತು ಕೇಳ್ಲಾ? ಅಪ್ಪನಿಗೆ ಬಾಗಿಲು ಮುಚ್ಚಿದ್ರೆ ಆಗ್ತಾನೇ ಇರ್ಲಿಲ್ಲ. ಎಷ್ಟು ಚಳಿ ಇದ್ರೂ ತೆಗೆದಿಟ್ಟೇ ಮಲಗೋರು. ಅಮ್ಮ ಬೈದೂ ಬೈದೂ ಸಾಕಾಗಿದ್ರು. ಅಂಥವರು ಅಲ್ಲಿ ಚಿಲಕ ಯಾಕೆ ಹಾಕ್ಕೊಂಡ್ರು?"

ಈ ಪ್ರಶ್ನೆಗೆ ಹಾಜಿ ಇಪ್ಪತ್ತು ದಿನದಿಂದ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದ. "ಅವತ್ತು ಗಾಳಿ ಜೋರಿತ್ತಮ್ಮ" ಎಂದ.

"ಹಾಗೇ ಇರಬೇಕು" ಎಂದು ಅವಳು ಸುಲಭವಾಗಿ ಒಪ್ಪಿಕೊಂಡಳು. "ಹಿಂದಿನ ದಿನ ಫೋನ್ ಮಾಡಿದ್ರು. ನಿನ್ನ ಚಿಕ್ಕಪ್ಪನ ತಾಯಿ ಹೋಗ್ಬಿಟ್ರು, ಅವನಿಗೆ ನಾಲ್ಕು ದಿನ ಸದ್ದಿಲ್ಲದ ಜಾಗ ಬೇಕು, ನಾನೇ ಬೇರೆ ಕಡೆ ಬೆಚ್ಚಗೆ ಜಾಗ ನೋಡ್ಕೊಂಡಿದೀನಿ ಅಂದ್ರು. ನಿಮ್ಮ ಬಗ್ಗೆ ತುಂಬಾ ಕಳವಳ ಇತ್ತು ಅವರಿಗೆ."

ಸತ್ತವನು ಹಾಜಿಗೋಸ್ಕರ ಮೊದಲೇ ಸುಳ್ಳು ಹೇಳಿಟ್ಟು ಹೋಗಿದ್ದ. ಹ್ಞೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನಿಂದ ಅದಾಗಲಿಲ್ಲ.

"ಅವನಾಗಿ ಹೋಗಲಿಲ್ಲಮ್ಮ. ನಾನು ಓಡಿಸಿದೆ."

ಒಂದು ಸಲ ಬಾಯಿ ಬಿಟ್ಟ ಮೇಲೆ ಅವನು ಯಾವುದನ್ನೂ ಉಳಿಸಿಕೊಳ್ಳಲಿಲ್ಲ. ಗೊಣಗಾಟ ಎಂದದ್ದು, ಒದರಿಕೋ ಎಂದದ್ದು, ಕಿಟಕಿಯಿಂದ ಕೂಗಿದ್ದು, ಆ ಬೆಳಿಗ್ಗೆಯ ತನ್ನ ನಮಾಜು ಎಷ್ಟು ಚೆನ್ನಾಗಿತ್ತು ಎನ್ನುವುದು. ದನಿಯ ವಿಷಯವನ್ನೂ ಹೇಳಿದ. ಎಲ್ಲಿ ನಿಲ್ಲುತ್ತದೆ, ಎಷ್ಟನೆಯ ಉಸಿರಿಗೆ ನಿಲ್ಲುತ್ತದೆ ಎಂದು ಕೂಡ. ಹುಡುಗಿಯ ಕೈಯಲ್ಲಿದ್ದ ಟೀ ಆರಿ ಕೆನೆ ಕಟ್ಟಿತು. ಅವಳು ಲೋಟವನ್ನು ನೆಲಕ್ಕಿಟ್ಟು ಕೇಳಿದಳು:

"ಇದನ್ನೆಲ್ಲ ನನಗ್ಯಾಕೆ ಹೇಳಿದ್ರಿ?"

"ಸುಳ್ಳು ಹೇಳೋಕೆ ಬಾಯಿ ಬರಲಿಲ್ಲಮ್ಮ."

"ಬರಿಸಿಕೋಬೇಕಿತ್ತು. ನೀವು ಹೇಳಿ ಹಗುರಾದ್ರಿ. ನಾನು ಇದನ್ನ ಹೊತ್ಕೊಂಡು ಅಮ್ಮನ ಹತ್ರ ಹೋಗಬೇಕು. ಹೇಳ್ಲಾ? ಮುಚ್ಚಿಡ್ಲಾ? ಅದನ್ನಾದ್ರೂ ಹೇಳಿ."

ಹಾಜಿ ಬಗ್ಗಿ ಆರಿದ ಟೀಯ ಲೋಟವನ್ನು ಎತ್ತಿಕೊಂಡ. ಅವಳು ಎದ್ದು ಕೈ ತೊಳೆದುಕೊಂಡು ಬಂದಳು, ತಲೆಯ ಮೇಲೆ ಸೆರಗು ಹೊದ್ದಳು, ರೇಷ್ಮೆ ಸುತ್ತಿದ ಪುಸ್ತಕವನ್ನು ಹಲಗೆಯಿಂದ ಇಳಿಸಿ ತಲೆಯ ಮೇಲಿಟ್ಟುಕೊಂಡಳು. ಪೆಟ್ಟಿಗೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಇಳಿದುಹೋದಳು. ಬರುತ್ತೇನೆ ಎನ್ನಲಿಲ್ಲ.

ಮಾರನೆಯ ಬೆಳಿಗ್ಗೆ ದನಿ ಇರಲಿಲ್ಲ.

ಹಾಜಿ ಹಣೆಯನ್ನು ನೆಲಕ್ಕಿಟ್ಟು ಕಾದ. ಬರಲಿಲ್ಲ. ಎರಡು ರಕಾತ್ ಎರಡೇ ಆಗಿ ಮುಗಿದವು. ಅದರ ಮಾರನೆಯ ದಿನವೂ ಹಾಗೆಯೇ. ಅವನಿಗಾದದ್ದು ಸಂತೋಷ, ಅದನ್ನು ಮುಚ್ಚಿಡುವುದೇಕೆ. ನಿಜ ಹೇಳಿದ್ದಕ್ಕೆ ಬಿಡುಗಡೆ ಸಿಕ್ಕಿತು ಎಂದುಕೊಂಡ. ಊಟ ರುಚಿಸತೊಡಗಿತು. ಇಸ್ತ್ರಿ ಮೇಜಿನ ಬಳಿ ಬಾಯ್ಲರ್‌ನವನ ಜೊತೆ ನಕ್ಕು ಮಾತಾಡಿದ. ಯಾರದೋ ಅಂಗಿಯ ತೋಳಿನ ನೆರಿಗೆ ತೀಡುತ್ತ ತಾನೇ ಏನೋ ಗುನುಗುತ್ತಿದ್ದದ್ದು ಅರಿವಾಗಿ ನಾಚಿಕೆಪಟ್ಟುಕೊಂಡ.

ಐದನೆಯ ಬೆಳಿಗ್ಗೆ ಬಲಕ್ಕೊಮ್ಮೆ ಎಡಕ್ಕೊಮ್ಮೆ ಸಲಾಂ ಹೇಳಿ ನಮಾಜು ಮುಗಿಸಿ, ಕೈಯೆತ್ತುವಷ್ಟರಲ್ಲಿ ಫೋನ್ ಬಂತು. ಸರ್ದಾರನ ಮಗಳು.

"ಚಿಕ್ಕಪ್ಪ, ಅಲ್ಲಿ ಇನ್ನೂ ಬರ್ತಿದೆಯಾ?"

"ಇಲ್ಲಮ್ಮ. ನೀನು ಹೋದ ಮೇಲೆ ನಿಂತುಹೋಯ್ತು."

"ಹ್ಞಾಂ" ಎಂದಳು. ಆಮೇಲೆ, "ಇಲ್ಲಿ ಬರ್ತಿದೆ" ಎಂದಳು.

ತಾನು ಇಳಿಸಿದ್ದು ಎಲ್ಲಿಗೆ ಹೋಯಿತು ಎಂದು ಅವನು ಈ ನಾಲ್ಕು ದಿನ ಒಮ್ಮೆಯೂ ಯೋಚಿಸಿರಲಿಲ್ಲ.

"ಅಮ್ಮನಿಗೆ ಕೇಳಲ್ಲ, ನನಗೊಬ್ಬಳಿಗೇ. ಅಡುಗೆಮನೆ ಕಡೆಯಿಂದ ಬರುತ್ತೆ. ನೀವು ಹೇಳಿದ ಕಡೇನೇ ನಿಲ್ಲುತ್ತೆ, ಎರಡನೇ ಉಸಿರಿಗೆ. ಈಗಲೂ ಅಲ್ಲೇ ನಿಂತಿದೆ." ಅವಳ ದನಿ ನಿದ್ದೆಗೆಟ್ಟು ಒಡೆದಿತ್ತು. "ನಾನು ಪುಸ್ತಕ ತೆಗೆದು ಮುಂದಿನದನ್ನ ಓದ್ದೆ. ಮೂರು ದಿನ ಓದ್ದೆ. ಅಪ್ಪ ತಗೊಳ್ತಾ ಇಲ್ಲ. ನಾನು ಮುಗಿಸಿದ ತಕ್ಷಣ ಮತ್ತೆ ಮೊದಲಿಂದ ಶುರು ಮಾಡ್ತಾರೆ. ನನ್ನ ದನಿಗೆ ಅವರು ಕಾಯ್ತಿಲ್ಲ ಚಿಕ್ಕಪ್ಪ. ನಿಮಗೆ ಮುಂದಿಂದು ಬರುತ್ತಾ?"

"ಬರುತ್ತಮ್ಮ."

"ಮತ್ತೆ ಇಷ್ಟು ದಿನ ಯಾಕೆ ಮುಗಿಸಿಕೊಡಲಿಲ್ಲ?"

"ಅದು ನಂದಲ್ಲ. ನಿಮ್ಮದು ಅದು. ನನ್ನ ಬಾಯಲ್ಲಿ..."

"ನಿಮ್ಮ ಬಾಯೇ ಅಲ್ವಾ ನಿಲ್ಲಿಸಿದ್ದು?"

ಅವಳು ಕೂಗಿ ಹೇಳಿರಲಿಲ್ಲ. ಕೂಗಿದ್ದರೆ ತಡೆದುಕೊಳ್ಳಬಹುದಿತ್ತು. ಹಾಜಿ ಚಾಪೆಯ ಮೇಲೆ ಹಾಗೆಯೇ ಮಂಡಿಯೂರಿ ಕೂತಿದ್ದ, ಎದುರಿಗೆ ಅವನು ದಿನಕ್ಕೆ ಐದು ಸಲ ಮುಖ ಮಾಡುವ ಬರಿ ಗೋಡೆ. ಆ ಗೋಡೆಯ ಕಡೆಯಿಂದ ಬೇಡ ಎಂಬ ಮಾತು ಬರಬಹುದೇ ಎಂದು ಕಾದ. ಅವನಿಗೆ ಭಯವಾಗಿತ್ತು. "ನಿನಗೆ ಎಲ್ಲ ಗೊತ್ತಿದೆ, ನಾನು ಯಾಕೆ ಮಾಡ್ತಿದೀನಿ ಅಂತಲೂ ಗೊತ್ತಿದೆ" ಎಂದು ಗೋಡೆಯತ್ತ ನೋಡಿ ತನ್ನ ದೇವರಿಗೆ ಹೇಳಿದ. ಆಮೇಲೆ ಫೋನಿಗೆ, "ಸ್ಪೀಕರ್ ಹಾಕಮ್ಮ. ಅಡುಗೆಮನೆ ಕಡೆ ಹಿಡಿ" ಎಂದ.

ಇಪ್ಪತ್ತೇಳನೆಯ ಮೆಟ್ಟಿಲ ಮೂರನೆಯ ಉಸಿರನ್ನು ಹಾಜಿ ತೆಗೆದುಕೊಂಡ.

ಮೊದಲ ಮಾತು ತೊದಲಿತು, ಎರಡನೆಯದು ನೆಟ್ಟಗೆ ಬಂತು. ಅದರ ಹಿಂದೆ ಉಳಿದವು ತಾವಾಗಿ ಬಂದವು. ಉಚ್ಚಾರ ಹೇಗಿತ್ತೋ, ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದ. ಇಪ್ಪತ್ತೆಂಟು ದಾಟಿತು, ಇಪ್ಪತ್ತೊಂಬತ್ತು ದಾಟಿತು. ಮೂವತ್ತೊಂದರಲ್ಲಿ ಫೋನಿನ ಆ ಕಡೆಯಿಂದ ತನ್ನ ಮಾತಿನ ಜೊತೆಗೇ ಇನ್ನೊಂದು ದನಿ ಸೇರಿಕೊಂಡದ್ದು ಅವನಿಗೆ ಕೇಳಿಸಿತು. ತಗ್ಗಿದ, ಮೂಗಿನಲ್ಲಿ ಬರುವ ದನಿ. ಹುಡುಗಿ ಬಿಕ್ಕಿದ ಸದ್ದೂ ಬಂತು. ಹಾಜಿ ನಿಲ್ಲಿಸಲಿಲ್ಲ. ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿದ್ದು ಇಬ್ಬರೂ ಒಟ್ಟಿಗೆ ಒಂದು ಪ್ರಾರ್ಥನೆ ಮಾಡಿದವರಲ್ಲ. ಈಗ ಒಬ್ಬ ಮುಂದೆ, ಒಬ್ಬ ಅರ್ಧ ಮಾತು ಹಿಂದೆ, ಹತ್ತುತ್ತ ಹೋದರು.

ಮೂವತ್ತೇಳು ಮುಗಿದಾಗ ಹಾಜಿ ತಡೆದ. ಆ ಕಡೆಯ ದನಿಯೂ ತಡೆಯಿತು. ಉಳಿದದ್ದು ಒಂದೇ ಮೆಟ್ಟಿಲು, ಒಂದು ಸಣ್ಣ ಮುಕ್ತಾಯ. ಇದನ್ನು ಹೇಳಿದರೆ ಮುಗಿಯಿತು ಎನ್ನುವುದು ಅವನಿಗೆ ಆಗ ಹೊಳೆಯಿತು. ಇಷ್ಟು ದಿನ ದನಿ ಹೋದರೆ ಸಾಕು ಎಂದು ಒದ್ದಾಡಿದವನು, ಒಂದು ಮೆಟ್ಟಿಲನ್ನಾದರೂ ಉಳಿಸಿಕೊಂಡರೆ ಇವನು ನಾಳೆಯೂ ಬರುತ್ತಾನಲ್ಲ ಎಂದು ಆಸೆಪಟ್ಟ. ಸರ್ದಾರ ಅವಸರ ಮಾಡಲಿಲ್ಲ, ಕಾದ.

"ಚಿಕ್ಕಪ್ಪ" ಎಂದಳು ಹುಡುಗಿ, ಬಹಳ ಮೆಲ್ಲಗೆ.

ಹಾಜಿ ಮೂವತ್ತೆಂಟನೆಯದನ್ನು ಹೇಳಿದ. ಮುಕ್ತಾಯವನ್ನೂ ಹೇಳಿದ. ಕೊನೆಯ ಮಾತನ್ನು ಇಬ್ಬರೂ ಒಟ್ಟಿಗೇ ಮುಗಿಸಿದರು.

ಆಮೇಲೆ ಫೋನಿನಲ್ಲಿ ಯಾರದೋ ಮನೆಯ ಬೆಳಗಿನ ಸದ್ದುಗಳು ಮಾತ್ರ ಕೇಳಿದವು. ನಲ್ಲಿಯಲ್ಲಿ ನೀರು, ಒಂದು ಪಾತ್ರೆ.

"ಹೋದ್ರು ಅನ್ಸುತ್ತೆ" ಎಂದಳು ಅವಳು.

"ಹ್ಞೂಂ. ಹೋದ" ಎಂದ ಹಾಜಿ. ಸರ್ದಾರ ಸತ್ತ ದಿನದಿಂದ ಅವನು ತನ್ನ ತಪ್ಪಿಗೆ ಹೆದರಿದ್ದ, ತನ್ನ ನಮಾಜಿಗೆ ಅತ್ತಿದ್ದ. ಸರ್ದಾರನಿಗೆಂದು ಅತ್ತದ್ದು ಅದೇ ಮೊದಲು. ಫೋನನ್ನು ಕಿವಿಗೆ ಹಿಡಿದುಕೊಂಡೇ, ಅವನ ಮಗಳಿಗೆ ಕೇಳುವ ಹಾಗೆ ಬಾಯಿಬಿಟ್ಟು ಅತ್ತ.